ಕಾಳು ಕಚ್ಚಿ ನೋಡಿದ ಹಾಗೆ: ಇಂಗ್ಲಿಷ್ ಪದಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಮೇಡಂ, ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಕಲಬುರಗಿಯಲ್ಲಿ ಬಿ.ಎ. ಕೊನೆಯ ವರ್ಷ. ಇಂಗ್ಲಿಷ್ ಪ್ರಬಂಧ ಬರೆದರೆ ಎಲ್ಲಿ ನೋಡಿದರೂ ‘ಥಿಂಕ್’, ‘ನೋ’, ‘ಅಂಡರ್‌ಸ್ಟ್ಯಾಂಡ್’, ಇಷ್ಟೇ. ದೊಡ್ಡ ಪದಗಳ ಪುಸ್ತಕ ತಂದು ದಿನಕ್ಕೆ 20 ಪದ ಬಾಯಿಪಾಠ ಮಾಡಿದೆ. ಹದಿನೈದು ದಿನದಲ್ಲಿ ಎಲ್ಲ ಮರೆತುಹೋಯಿತು. ಏನು ಮಾಡಲಿ?
– ಒಬ್ಬ ವಿದ್ಯಾರ್ಥಿನಿ, ಆಳಂದ

ಉತ್ತರ: ತಂಗಿ, ಮೊದಲು ಆ ಪುಸ್ತಕ ಪಕ್ಕಕ್ಕಿಡು. ನಿನ್ನ ನೆನಪಿನ ಶಕ್ತಿಗೆ ಏನೂ ಆಗಿಲ್ಲ. ಆ ಪದಗಳಿಗೆ ನಿನ್ನೊಳಗೆ ಕೂರಲು ಜಾಗ ಸಿಕ್ಕಿಲ್ಲ, ಅಷ್ಟೇ.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ನಮ್ಮಪ್ಪ ಕಲಬುರಗಿಯ ನೆಹರೂ ಗಂಜ್ ಮಾರುಕಟ್ಟೆಯ ಒಂದು ಅಡತಿ ಅಂಗಡಿಯಲ್ಲಿ ತೂಕದ ಕೆಲಸ ಮಾಡುತ್ತಿದ್ದರು. ಡಿಗ್ರಿಯಲ್ಲಿದ್ದಾಗ ಅವರ ಬಗ್ಗೆ ಒಂದು ಪ್ರಬಂಧ ಬರೆದೆ. ‘ಥಿಂಕ್’ ತೀರಾ ಸಣ್ಣ ಪದ ಅಂತ ನನಗೂ ಅನ್ನಿಸಿತ್ತು. ಅದು ಇದ್ದ ಕಡೆಯಲ್ಲೆಲ್ಲ ಹೊಡೆದುಹಾಕಿ ‘ಕಂಟೆಂಪ್ಲೇಟ್’ ಅಂತ ಬರೆದೆ. ‘ಮೈ ಫಾದರ್ ಕಂಟೆಂಪ್ಲೇಟ್ಸ್ ದಟ್ ದಿ ತೂರ್ ಈಸ್ ವೆಟ್.’ ನಮ್ಮ ಲೆಕ್ಚರರ್ ಅದಕ್ಕೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಒಂದೇ ಪ್ರಶ್ನೆ ಬರೆದಿದ್ದರು: ನಿಮ್ಮಪ್ಪ ನಿಜವಾಗಿ ಏನು ಮಾಡುತ್ತಾರೆ?

ಮರುದಿನ ಗಂಜ್‌ಗೆ ಹೋಗಿ ನಿಂತು ನೋಡಿದೆ. ಅಪ್ಪ ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ತೊಗರಿ ತೆಗೆದರು. ಅಂಗೈ ಮೇಲೆ ಹರಡಿ ಊದಿದರು. ಹೊಟ್ಟು ಹಾರಿತು. ಹುಳ ಹಿಡಿದ ಕಾಳು, ಮುಕ್ಕಾದ ಕಾಳು ಬೆರಳಿನಿಂದ ಸರಿಸಿದರು. ಆಮೇಲೆ ಒಂದು ಕಾಳು ಹಲ್ಲಿಗೆ ಇಟ್ಟು ಕಚ್ಚಿದರು. ಕಟ್ ಅನ್ನಲಿಲ್ಲ, ಮೆತ್ತಗೆ ಒಡೆಯಿತು. ‘ಹಸಿ ಅದ. ಇನ್ನೆರಡು ದಿನ ಒಣಗಿಸ್ರಿ’ ಅಂದರು.

ಕೈ ಹಾಕಿ ನೋಡಿದ್ದು ‘ಎಗ್ಸಾಮಿನ್’. ಕೆಟ್ಟದ್ದನ್ನು ಗುರುತಿಸಿ ಬೇರೆ ಮಾಡಿದ್ದು ‘ಡಿಸರ್ನ್’. ಸದ್ದು ಬರಲಿಲ್ಲ, ಹಾಗಾದರೆ ಹಸಿ ಇದೆ ಅಂತ ತಿಳಿದದ್ದು ‘ಇನ್ಫರ್’. ಒಣಗಿಸಿ ಅಂದದ್ದು ‘ಜಡ್ಜ್’ ಮಾಡಿ ಆಡಿದ ಮಾತು. ‘ಕಂಟೆಂಪ್ಲೇಟ್’ ಅಲ್ಲೆಲ್ಲೂ ಇರಲಿಲ್ಲ. ಅದು ಒಂದು ವಿಷಯವನ್ನು ಮುಂದಿಟ್ಟುಕೊಂಡು ಬಹಳ ಹೊತ್ತು ಸುಮ್ನೆ ಕೂತು ಯೋಚಿಸುವುದು. ಅದರ ಬೆನ್ನಿಗೆ ‘ದಟ್’ ಕೂಡ ಬರುವುದಿಲ್ಲ. ನನ್ನ ವಾಕ್ಯ ಎರಡು ಕಡೆ ತಪ್ಪಿತ್ತು.

ಇನ್ನೊಂದು ವಿಷಯ ತಿಳಿದದ್ದು ಎಷ್ಟೋ ವರ್ಷದ ಮೇಲೆ. ‘ಎಗ್ಸಾಮಿನ್’ ಬಂದದ್ದು ಲ್ಯಾಟಿನ್‌ನ ‘ಎಗ್ಸಾಮೆನ್’ ಪದದಿಂದ. ಹಾಗಂದರೆ ತಕ್ಕಡಿಯ ಮುಳ್ಳು. ಅಪ್ಪ ಜೀವಮಾನವೆಲ್ಲ ಕಣ್ಣಿಟ್ಟು ನೋಡಿದ್ದು ಅದನ್ನೇ. ಇದನ್ನು ಹೇಳೋಣ ಅಂದರೆ ಅಷ್ಟೊತ್ತಿಗೆ ಅಪ್ಪ ಇರಲಿಲ್ಲ.

ಇಂಗ್ಲಿಷಿನಲ್ಲಿ ಯೋಚನೆಗೆ ಇರುವ ಎಷ್ಟೋ ಪದಗಳನ್ನು ಕೆದಕಿದರೆ ಒಳಗೆ ಹೀಗೆ ಒಂದು ಕೈಕೆಲಸ ಸಿಗುತ್ತದೆ. ‘ಡಿಸರ್ನ್’ನ ಬೇರು ಲ್ಯಾಟಿನ್‌ನಲ್ಲಿ ಜರಡಿ ಹಿಡಿಯುವುದು. ನಿಮ್ಮವ್ವ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಾಳಲ್ಲ, ಅದೇ. ‘ಪಾಂಡರ್’ನ ಮೂಲ ಅರ್ಥ ತೂಗುವುದು. ನಾವೂ ‘ತೂಗಿ ನೋಡಿ ಮಾತಾಡು’ ಅಂತೀವಿ ಅಲ್ವಾ? ‘ಅನಲೈಜ್’ ಗ್ರೀಕ್‌ನಿಂದ ಬಂದದ್ದು, ಗಂಟು ಸಡಿಲಿಸಿ ಬಿಚ್ಚುವುದು. ‘ಕಾಂಪ್ರಹೆಂಡ್’ನಲ್ಲಿ ಹಿಡಿಯುವ ಕೈ ಇದೆ. ನಮ್ಮ ‘ಗ್ರಹಿಸು’ವಿನಲ್ಲೂ ಅದೇ ಕೈ ಇದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ‘ರೂಮಿನೇಟ್’. ಅದಕ್ಕೆ ಎಮ್ಮೆ ಮೆಲುಕು ಹಾಕುವುದು ಅಂತಲೂ ಅರ್ಥ, ಹಳೆಯದನ್ನು ಮನಸ್ಸಿನಲ್ಲಿ ಮೆಲುಕು ಹಾಕುವುದು ಅಂತಲೂ ಅರ್ಥ. ಕನ್ನಡದವರಿಗೆ ಇದನ್ನು ಬಾಯಿಪಾಠ ಮಾಡಿಸುವುದೇ ಬೇಕಿಲ್ಲ.

ಹಾಗಾಗಿ ವಾರಕ್ಕೆ ಐದೇ ಪದ ತಗೋ. ಒಂದೊಂದು ಪದಕ್ಕೂ ನೀನು ಕಣ್ಣಾರೆ ಕಂಡ ಒಂದು ಕೆಲಸ ಹುಡುಕು. ಆ ಕೆಲಸದ ಮೇಲೆ ಇಂಗ್ಲಿಷಿನಲ್ಲಿ ಎರಡು ವಾಕ್ಯ ಬರಿ. ಪಟ್ಟಿ ಬೇಕೇ ಬೇಕು ಅಂದರೆ ಏವ್ರಿಲ್ ಕಾಕ್ಸ್‌ಹೆಡ್ ಅನ್ನುವವರು 2000ರಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್ ನೋಡು. ಸುಮಾರು 35 ಲಕ್ಷ ಪದಗಳಷ್ಟು ಕಾಲೇಜು ಮಟ್ಟದ ಬರಹ ಜಾಲಾಡಿ, ಮತ್ತೆ ಮತ್ತೆ ಬರುವ 570 ಪದಗಳನ್ನು ಅವುಗಳ ರೂಪಗಳ ಸಮೇತ ಆರಿಸಿದ್ದಾರೆ. ‘ಅನಲೈಜ್’, ‘ಅಸ್ಯೂಮ್’, ‘ಇಂಟರ್‌ಪ್ರೆಟ್’, ‘ಇವ್ಯಾಲ್ಯುಯೇಟ್’ ಎಲ್ಲ ಅದರಲ್ಲಿವೆ. ನಿನ್ನ ದೊಡ್ಡ ಪುಸ್ತಕದಲ್ಲಿ ಇರಬಹುದಾದ, ಯೋಚಿಸು ಅನ್ನುವುದಕ್ಕೇ ಇರುವ ಭಾರದ ಪದ ‘ಕಾಜಿಟೇಟ್’ ಅದರಲ್ಲಿಲ್ಲ. ಅದಿಲ್ಲ ಅಂತ ಯಾವ ಕೆಲಸವೂ ನಿಲ್ಲುವುದಿಲ್ಲ. ಹಾಂ, ‘ಥಿಂಕ್’ ಸರಿ ಹೊಂದುವ ಕಡೆ ‘ಥಿಂಕ್’ ಅಂತಲೇ ಬರಿ.

ಪ್ರಶ್ನೆ: ನಾನು ತೊಗರಿ ಬೆಳೆಯುವ ರೈತ. ಮಗ ಇಂಗ್ಲಿಷ್ ಮೀಡಿಯಂನಲ್ಲಿ 10ನೇ ತರಗತಿ. ಪಾಠ ಎಲ್ಲ ಬರುತ್ತದೆ, ಆದರೂ ಮಾರ್ಕ್ಸ್ ಬರುವುದಿಲ್ಲ. ‘ಪ್ರಶ್ನೆ ಏನು ಕೇಳಿದೆ ಅಂತ ನೋಡದೆ ಎಲ್ಲಕ್ಕೂ ಒಂದೇ ತರ ಬರೀತಾನೆ’ ಅಂತಾರೆ ಮೇಷ್ಟ್ರು. ಇದನ್ನು ಮನೆಯಲ್ಲಿ ಹೇಗೆ ತಿದ್ದುವುದು? ನನಗೆ ಇಂಗ್ಲಿಷ್ ಬರುವುದಿಲ್ಲ.
– ಒಬ್ಬ ತಂದೆ, ಸೇಡಂ

ಉತ್ತರ: ಅಣ್ಣಾ, ಇಂಗ್ಲಿಷ್ ಬರದಿದ್ದರೂ ಇದನ್ನು ನೀವೇ ಹೇಳಿಕೊಡಬಹುದು. ಮಗನನ್ನು ಹೊಲಕ್ಕೆ ಕರೆದುಕೊಂಡು ಹೋಗಿ, ನೆಟೆ ರೋಗ ಬಂದ ತೊಗರಿ ಗಿಡದ ಮುಂದೆ ನಿಲ್ಲಿಸಿ. ಪ್ರಶ್ನೆಯ ಮೊದಲಿಗೆ ಬರುವ ಪದವೇ ಎಲ್ಲ ಹೇಳುತ್ತದೆ.

‘ಡಿಸ್‌ಕ್ರೈಬ್’ ಅಂದರೆ ಕಂಡದ್ದನ್ನು ಕಂಡ ಹಾಗೆ ಹೇಳು. ಎಲೆ ಹಳದಿ ಆಗಿದೆ, ಜೋತುಬಿದ್ದಿದೆ, ಗಿಡ ಒಣಗಿದೆ. ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ. ಇಲ್ಲಿ ಕಾರಣ ಹೇಳುವ ಹಾಗಿಲ್ಲ. ‘ಎಕ್ಸ್‌ಪ್ಲೇನ್’ ಅಂದರೆ ಹೇಗಾಯಿತು ಹೇಳು. ಫ್ಯುಸೇರಿಯಂ ಅನ್ನುವ ಶಿಲೀಂಧ್ರ ಮಣ್ಣಿನಲ್ಲೇ ಇರುತ್ತದೆ. ಬೇರಿನಿಂದ ಒಳಗೆ ಹೋಗಿ ನೀರು ಏರುವ ನಾಳ ಕಟ್ಟಿಬಿಡುತ್ತದೆ. ಮಣ್ಣಲ್ಲಿ ತೇವ ಇದ್ದರೂ ಗಿಡ ಬಾಯಾರಿ ಸಾಯುತ್ತದೆ. ‘ಕಂಪೇರ್’ ಅಂದರೆ ಮಳೆ ಇಲ್ಲದೆ ಬಾಡಿದ ಗಿಡವನ್ನು ಇದರ ಪಕ್ಕ ಇಡಬೇಕು. ಅದು ನೀರು ಬಿದ್ದರೆ ಚೇತರಿಸಿಕೊಳ್ಳುತ್ತದೆ, ಇದು ಇಲ್ಲ. ‘ಜಸ್ಟಿಫೈ’ ಅಂದರೆ ಹೇಳಿದ ಮಾತಿಗೆ ಆಧಾರ ಕೊಡು. ‘ಈ ಹೊಲಕ್ಕೆ ಬರುವ ವರ್ಷ ಜೋಳ ಹಾಕಬೇಕು’ ಅಂತೀರಿ. ಯಾಕೆ? ಶಿಲೀಂಧ್ರ ಕೂಳೆಯಲ್ಲಿ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮತ್ತೆ ತೊಗರಿ ಹಾಕಿದರೆ ಮತ್ತೆ ಹಿಡಿಯುತ್ತದೆ.

ಹುಡುಗರು ಜಾಸ್ತಿ ಎಡವುವುದು ‘ಇವ್ಯಾಲ್ಯುಯೇಟ್’ನಲ್ಲಿ. ಜೋಳ ಹಾಕುವುದೋ, ನೆಟೆ ತಡೆಯುವ ಟಿಎಸ್-3ಆರ್ ತಳಿ ಹಾಕುವುದೋ? ಎರಡರ ಒಳ್ಳೆಯದು, ಕೆಟ್ಟದ್ದು ಹೇಳಿ, ಕೊನೆಗೆ ‘ನನ್ನ ಪ್ರಕಾರ ಇದು’ ಅಂತ ತೀರ್ಪು ಕೊಡಬೇಕು. ತೀರ್ಪು ಕೊಡಲು ಮಕ್ಕಳು ಹೆದರುತ್ತಾರೆ. ನೀವು ಕೇಳಿ, ಅವನು ಹೇಳಲಿ. ತಪ್ಪಾದರೂ ತಡೆಯಬೇಡಿ.

ಅಮೆರಿಕದ ಶಿಕ್ಷಣ ತಜ್ಞ ಬೆಂಜಮಿನ್ ಬ್ಲೂಮ್ ಮತ್ತು ಜೊತೆಗಾರರು 1956ರಲ್ಲಿ ಕಲಿಕೆಗೆ ಇಂಥ ಮೆಟ್ಟಿಲು ಮಾಡಿದರು. 2001ರಲ್ಲಿ ಆಂಡರ್ಸನ್, ಕ್ರಾಥ್‌ವೋಲ್ ಮತ್ತಿತರರು ಅದನ್ನು ತಿದ್ದಿ ಬರೆದರು. ನೆನಪಿಡುವುದು ಕೆಳಗಿನ ಮೆಟ್ಟಿಲು. ಅರ್ಥ ಮಾಡಿಕೊಳ್ಳುವುದು, ಬಳಸುವುದು, ಬಿಡಿಸಿ ನೋಡುವುದು, ತೂಗಿ ತೀರ್ಪು ಕೊಡುವುದು, ಹೊಸದನ್ನು ಕಟ್ಟುವುದು ಅದರ ಮೇಲಿನವು. ನಿಮ್ಮ ಮಗ ಬಹುಶಃ ಮೊದಲ ಮೆಟ್ಟಿಲಲ್ಲಿ ನಿಂತೇ ಎಲ್ಲಕ್ಕೂ ಉತ್ತರ ಬರೆಯುತ್ತಿದ್ದಾನೆ.

ಪ್ರಶ್ನೆ: ‘ಇಂಪ್ಲೈ’ ಮತ್ತು ‘ಇನ್ಫರ್’ ಎರಡೂ ಒಂದೇ ಅಲ್ವಾ? ಆಫೀಸಿನ ಪತ್ರಗಳಲ್ಲಿ ಒಂದರ ಬದಲು ಇನ್ನೊಂದು ಬರೆಯುತ್ತಾರೆ.
– ಒಬ್ಬ ಓದುಗರು, ಬೀದರ್

ಉತ್ತರ: ಒಂದೇ ಅಲ್ಲರಿ. ರಾತ್ರಿ ಊಟ ಆದ ಮೇಲೂ ನೆಂಟರು ಮಾತಿಗೆ ಕೂತಿದ್ದಾರೆ. ಮನೆಯ ಹಿರಿಯರು ‘ಕಡೀ ಬಸ್ ಎಷ್ಟಕ್ಕ ಅದರೀ?’ ಅಂತಾರೆ. ಹೊರಡಿ ಅನ್ನಲಿಲ್ಲ, ಮಾತಿನೊಳಗೆ ಮಡಚಿ ಇಟ್ಟರು. ಅದು ‘ಇಂಪ್ಲೈ’. ಅದರ ಮೂಲದ ಅರ್ಥವೂ ಒಳಗೆ ಮಡಚುವುದೇ. ನೆಂಟರು ಅದನ್ನು ಬಿಚ್ಚಿಕೊಂಡು ‘ಬರ್ತೀವ್ರಿ’ ಅಂತ ಎದ್ದರು. ಅದು ‘ಇನ್ಫರ್’. ಹೇಳುವವರದು ‘ಇಂಪ್ಲೈ’, ಕೇಳುವವರದು ‘ಇನ್ಫರ್’.

ಪ್ರಶ್ನೆ: ‘ಹೈಪಾಥಿಸಿಸ್’ ಪದದ ಬಹುವಚನ ಏನು? ಎಸ್ ಸೇರಿಸಿದರೆ ಸಾಕಾ?
– ಒಬ್ಬ ಎಂ.ಎಸ್ಸಿ. ವಿದ್ಯಾರ್ಥಿ, ಶಹಾಪುರ

ಉತ್ತರ: ಸಾಲದು. ಕೊನೆಯ ‘ಸಿಸ್’ ಹೋಗಿ ‘ಸೀಸ್’ ಆಗುತ್ತದೆ, ‘ಹೈಪಾಥಿಸೀಸ್’. ಬರೆಯುವಾಗ ಕೊನೆಯ ಐ (i) ಅಕ್ಷರದ ಜಾಗದಲ್ಲಿ ಇ (e) ಬರುತ್ತದೆ. ‘ಅನ್ಯಾಲಿಸಿಸ್’, ‘ಥೀಸಿಸ್’ ಪದಗಳಿಗೂ ಇದೇ. ಮತ್ತೆ, ಪ್ರಯೋಗ ಮುಗಿಯುವ ಮೊದಲು ‘ನನ್ನ ಹೈಪಾಥಿಸಿಸ್ ಪ್ರೂವ್ ಆಗುತ್ತದೆ’ ಅಂತ ಬರೆಯಬೇಡಿ. ಅದು ಇನ್ನೂ ಪರೀಕ್ಷಿಸಿ ನೋಡಬೇಕಾದ ಊಹೆ. ‘ಹೈಪೊ’ ಅಂದರೆ ಕೆಳಗೆ, ‘ಥೀಸಿಸ್’ ಅಂದರೆ ಇಡುವುದು. ಗೋಡೆ ಕಟ್ಟಲು ಕೆಳಗೆ ಇಟ್ಟ ಕಲ್ಲು ಅದು. ಅಲ್ಲಾಡಿದರೆ ಆ ಕಲ್ಲು ತೆಗೆದು ಬೇರೆ ಇಡಬೇಕು.