ಲೂಪ್ ಇರಲಿ, ಮೊದಲು ಮನೆಯ ಲೆಕ್ಕ ತನ್ನಿ

ಪ್ರಶ್ನೆ: ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್ ಹೊರವಲಯದಲ್ಲಿ ಅರ್ಧ ಎಕರೆಯಲ್ಲಿ ನಮ್ಮ ಮನೆ. ಸುತ್ತ ಹಳೆಯ ಮರಗಳಿವೆ. ಜಿಯೋಥರ್ಮಲ್ ಹೀಟಿಂಗ್, ಅಂದರೆ ನೆಲದಡಿಯ ಪೈಪಿನಲ್ಲಿ ಮಣ್ಣಿನ ಶಾಖ ಎಳೆದು ಹೀಟ್ ಪಂಪಿನಿಂದ ಮನೆ ಬೆಚ್ಚಗಿಡುವ ವ್ಯವಸ್ಥೆ, ಹಾಕಿಸಬೇಕೆಂದಿದ್ದೇವೆ. ಒಬ್ಬ ಗುತ್ತಿಗೆದಾರರು ಬೋರ್ ಕೊರೆದು ಪೈಪಿನ ಲೂಪ್ ಇಳಿಸೋಣ ಅನ್ನುತ್ತಾರೆ. ಇನ್ನೊಬ್ಬರು ಕಂದಕ ತೋಡಿ ಸ್ಲಿಂಕಿ ಅನ್ನುವ ಪೈಪ್ ಸುರುಳಿ ಹಾಸಿದರೆ ಅರ್ಧ ದುಡ್ಡು ಉಳಿಯುತ್ತದೆ ಅನ್ನುತ್ತಾರೆ. ಯಾವುದು ಒಳ್ಳೆಯದು ಸರ್?

ಉತ್ತರ: ಚಳಿಗಾಲ ಬಂತೆಂದರೆ ಇದೇ ಪ್ರಶ್ನೆ. ಬೇಕಾದ ಅಂಕಿ ಮಾತ್ರ ಯಾರೂ ಬರೆಯುವುದಿಲ್ಲ. ಜನವರಿಯ ಕಡು ಚಳಿಯಲ್ಲಿ ನಿಮ್ಮ ಮನೆ ಗಂಟೆಗೆ ಎಷ್ಟು ಶಾಖ ಕಳೆದುಕೊಳ್ಳುತ್ತದೆ? ಅದನ್ನು ತಿಳಿಯುವ ಮ್ಯಾನ್ಯುಯಲ್ ಜೆ ಲೆಕ್ಕ ಮಾಡದೆ, ಚದರ ಅಡಿ ಕೇಳಿ "ನಾಲ್ಕು ಟನ್ ಸಾಕು" ಅಂದವರಿಗೆ ಕಾಫಿ ಕೊಟ್ಟು ಕಳಿಸಿಬಿಡಿ.

ಲೆಕ್ಕದಲ್ಲೂ ನಾಲ್ಕೇ ಟನ್ ಬಂತು ಅನ್ನೋಣ, ಅಂದರೆ ಗಂಟೆಗೆ 48,000 ಬಿಟಿಯು (ಶಾಖದ ಅಳತೆ). ಬೋರ್ ಆದರೆ ಟನ್ನಿಗೆ ಸುಮಾರು 200 ಅಡಿ. 15-20 ಅಡಿ ಅಂತರದಲ್ಲಿ ನಾಲ್ಕು ರಂಧ್ರ. ಕಂದಕವಾದರೆ ಟನ್ನಿಗೆ 400ರಿಂದ 600 ಅಡಿ ಪೈಪ್, ಆರು ಅಡಿ ಆಳದಲ್ಲಿ. ನಿಮ್ಮ 20 ಗುಂಟೆಯಲ್ಲಿ ಮನೆ, ಡ್ರೈವ್‌ವೇ, ಸೆಪ್ಟಿಕ್, ಮರದ ಬೇರು ಎಲ್ಲ ಕಳೆದರೆ ಅಷ್ಟು ಅಗೆಯಲು ಜಾಗವೆಲ್ಲಿದೆ?

ಅದಕ್ಕೇ ಸ್ಲಿಂಕಿಯ ಆಸೆ ತೋರಿಸುತ್ತಾರೆ. ಶಾಖ ಕೊಡುವುದು ಮಣ್ಣು, ಪೈಪಲ್ಲ. ಒಂದೇ ಕೊಡಕ್ಕೆ ಹತ್ತು ಚೊಂಬು ಇಳಿಬಿಟ್ಟರೆ ನೀರು ಹೆಚ್ಚಾದೀತೇ? ಒದ್ದೆ ಜೇಡಿಮಣ್ಣಾದರೆ ಸುರುಳಿಯೂ ನಡೆಯುತ್ತದೆ, ಉದ್ದ ಕಡಿಮೆ ಮಾಡದಿದ್ದರೆ. ಒಣ ಮರಳಾದರೆ ಹತ್ತಿರವೂ ಸುಳಿಯಬೇಡಿ. ಲೂಪ್ ಗಿಡ್ಡವಾದರೆ ಫೆಬ್ರವರಿ ಹೊತ್ತಿಗೆ ಸುತ್ತಲ ಮಣ್ಣು ತಣ್ಣಗಾಗಿ, ಪೂರಕ ವಿದ್ಯುತ್ ಹೀಟರ್ ತಾನೇ ಉರಿಯತೊಡಗುತ್ತದೆ. ಬಿಲ್ ಬಂದಾಗ ಜನ ಹೀಟ್ ಪಂಪನ್ನು ಬೈಯುತ್ತಾರೆ. ಪಂಪನ್ನು ಇಪ್ಪತ್ತು ವರ್ಷಕ್ಕೊಮ್ಮೆ ಬದಲಿಸಬಹುದು. ಅಂಗಳದಡಿಯ ಪೈಪನ್ನು ಯಾರು ಮತ್ತೆ ಅಗೆಯುತ್ತಾರೆ?

ನಿಮಗೆ ಬೋರೇ ಸರಿ. ಹೊಸ ಮನೆ, ಬಯಲು ಜಾಗ, ಹೇಗೂ ಅಂಗಳಕ್ಕೆ ಬಂದು ನಿಂತ ಜೆಸಿಬಿ ಇದ್ದಿದ್ದರೆ ಕಂದಕವನ್ನೇ ಹೇಳುತ್ತಿದ್ದೆ. ಮಿನೆಸೋಟದ ಆರೋಗ್ಯ ಇಲಾಖೆಯ ಲೈಸೆನ್ಸ್ ನೋಡದೆ ಕೊರೆಯಲು ಬಿಡಬೇಡಿ. ರಂಧ್ರಕ್ಕೆ ತುಂಬುವ ಗ್ರೌಟ್ ಬರೀ ಬೆಂಟೊನೈಟ್ ಜೇಡಿಯೋ, ಶಾಖ ಸಾಗಿಸಲು ಸಿಲಿಕಾ ಮರಳು ಬೆರೆಸಿದ್ದೋ ಕೇಳಿ. ಮುಚ್ಚುವ ಮೊದಲು, ಪೈಪ್ ಸೋರುತ್ತದೆಯೇ ಎಂದು ನೋಡುವ ಪ್ರೆಶರ್ ಟೆಸ್ಟ್ ನಿಮ್ಮ ಕಣ್ಣೆದುರೇ ಆಗಲಿ. ನಾನಾದರೆ ಕೊಟೇಶನ್‌ಗಿಂತ ಹತ್ತು ಪರ್ಸೆಂಟ್ ಹೆಚ್ಚೇ ಕೊರೆಸುತ್ತೇನೆ. ಅತಿ ಎಚ್ಚರ ಅನ್ನುವವರು ಅನ್ನಲಿ.

ಪ್ರಶ್ನೆ: ವಾಸ್ತು ಪ್ರಕಾರ ಬೋರ್ ಈಶಾನ್ಯದಲ್ಲೇ ಇರಬೇಕೇ?

ಉತ್ತರ: ಸೆಪ್ಟಿಕ್ ಯಾವ ಮೂಲೆಯಲ್ಲಿದೆ, ಅದನ್ನು ಹೇಳಿ.

ಪ್ರಶ್ನೆ: ತಾಮ್ರದ ಕಡ್ಡಿ ಹಿಡಿದು ಒಬ್ಬರು ಭೂಮಿಯ ಶಾಖದ ಗೆರೆ ತೋರಿಸಿಕೊಟ್ಟರು.

ಉತ್ತರ: ಫೀಸು ಎಷ್ಟು ಕೊಟ್ಟಿರಿ? ಅಲ್ಲಿ ಬೋರಿನ ಆಳದಲ್ಲಿ ಎಲ್ಲ ಕಡೆ ಸುಮಾರು 8-9 ಡಿಗ್ರಿ ಸೆಲ್ಸಿಯಸ್ಸೇ. ಗೆರೆಯೂ ಇಲ್ಲ, ಲಾವಾರಸವೂ ಇಲ್ಲ.

ಪ್ರಶ್ನೆ: ಜಿಯೋಥರ್ಮಲ್‌ಗೆ 30 ಪರ್ಸೆಂಟ್ ತೆರಿಗೆ ರಿಯಾಯಿತಿ ಸಿಗುತ್ತದೆಯೇ?

ಉತ್ತರ: ಮನೆಮಾಲೀಕರ ಫೆಡರಲ್ ರಿಯಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ಈಗಲೂ ಅದನ್ನು ಕಳೆದು ಕೊಟೇಶನ್ ಬರೆಯುವವರ ಉಳಿದ ಲೆಕ್ಕವನ್ನೂ ನಂಬಬೇಡಿ.

ಪ್ರಶ್ನೆ: ಬೆಂಗಳೂರಿನ ನಮ್ಮ ಮನೆಗೂ ಹಾಕಿಸಬಹುದೇ?

ಉತ್ತರ: ಸ್ವೆಟರ್ ಇದೆಯಲ್ಲ?