ಗಂಡು ಹೆಣ್ಣಿನ ಮೆದುಳು ಬೇರೆಯಾಗೋದು ಕ್ರೋಮೋಸೋಮಿಂದಾನಾ ಹಾರ್ಮೋನಿಂದಾನಾ? ಪಿಎಚ್‌ಡಿಗೆ ಯಾವ್ದು ಹಿಡಿಲಿ?

ನಾನೂ ಇದೇ ಪ್ರಶ್ನೆ ಇಟ್ಕೊಂಡು ಪಿಎಚ್‌ಡಿಗೆ ಸೇರಿದ್ದು, ಹಾರ್ಮೋನೇ ಎಲ್ಲಾ ಅಂದ್ಕೊಂಡು ಮೊದಲ ವರ್ಷದಲ್ಲೇ ಏಳು ತಿಂಗಳು ಕಳ್ಕೊಂಡೆ.

ಹುಟ್ಟಿದ ದಿನದ ಇಲಿಮರಿ ಹೆಬ್ಬೆರಳಷ್ಟಿರತ್ತೆ, ಚರ್ಮ ಎಷ್ಟು ತೆಳು ಅಂದ್ರೆ ಕುಡಿದ ಹಾಲು ಹೊಟ್ಟೆಯೊಳಗೆ ಬೆಳ್ಳಗೆ ಕಾಣತ್ತೆ. ಆ ದಿನಗಳಲ್ಲಿ ಹೆಣ್ಣುಮರಿಗೆ ಟೆಸ್ಟೋಸ್ಟೆರಾನ್ ಕೊಟ್ರೆ ಮೆದುಳಿನ ಬುಡದಲ್ಲಿರೋ ಹೈಪೋಥಲಾಮಸ್ ಹತ್ರದ ಒಂದು ಜೀವಕೋಶದ ಗುಂಪು ಗಂಡಿಲಿ ಥರ ದೊಡ್ಡದಾಗತ್ತೆ, 1978ರಲ್ಲಿ ವಿಜ್ಞಾನಿ ಗೋರ್ಸ್ಕಿ ತಂಡ ತೋರಿಸಿದ ಗುಂಪು ಅದು. ನಾನು ಟೆಸ್ಟೋಸ್ಟೆರಾನ್ ಬಿಟ್ಟು, ದೇಹ ಅದ್ರಿಂದಲೇ ಮಾಡೋ ಇನ್ನೊಂದು ಗಂಡು ಹಾರ್ಮೋನ್ ಡೈಹೈಡ್ರೋಟೆಸ್ಟೋಸ್ಟೆರಾನ್ ಚುಚ್ಚಿದೆ, ಅದು ಜೀವಕೋಶದಲ್ಲಿ ಗಂಡು ಹಾರ್ಮೋನನ್ನ ಹಿಡಿಯೋ ಆಂಡ್ರೊಜೆನ್ ರಿಸೆಪ್ಟರ್‌ಗೆ ಇನ್ನೂ ಗಟ್ಟಿಯಾಗಿ ಅಂಟತ್ತಲ್ಲ, ಪರಿಣಾಮಾನೂ ಜಾಸ್ತಿ ಇರತ್ತೆ ಅನ್ನೋ ಲೆಕ್ಕ. ಮರಿ ಬೆಳೆದ್ಮೇಲೆ ಮೆದುಳು ಸ್ಲೈಸ್ ಮಾಡಿ ಸ್ಟೇನ್ ಹಾಕಿ ನೋಡಿದ್ರೆ ಆ ಗುಂಪಿನ ನೇರಳೆ ಚುಕ್ಕೆ ಹೆಣ್ಣಿಲಿದಷ್ಟೇ ಚಿಕ್ಕದು. ಡೋಸ್ ಏರಿಸ್ದೆ, ಇನ್ನೊಂದು ಬ್ಯಾಚ್ ಮಾಡ್ದೆ, ಮತ್ತದೇ.

ಆಗಿದ್ದೇನಂದ್ರೆ, ಇಲಿ ಮೆದುಳಿನ ಆ ಜಾಗದಲ್ಲಿ ಟೆಸ್ಟೋಸ್ಟೆರಾನ್ ಬರೀ ಕಚ್ಚಾ ಮಾಲು. ಅರೋಮಟೇಸ್ ಅನ್ನೋ ಎನ್‌ಜೈಮ್ ಅದನ್ನ ಎಸ್ಟ್ರಡಯಾಲ್ ಮಾಡತ್ತೆ, ನಾವು ಹೆಣ್ಣು ಹಾರ್ಮೋನ್ ಅಂತೀವಲ್ಲ ಅದೇ, ಅದು ಸಾಯಬೇಕಾದ ಜೀವಕೋಶಗಳನ್ನ ಉಳಿಸಿ ಗುಂಪನ್ನ ದೊಡ್ಡದು ಮಾಡತ್ತೆ. ಡೈಹೈಡ್ರೋ ರೂಪಾನ ಅರೋಮಟೇಸ್‌ಗೆ ಬದಲಾಯಿಸೋಕೇ ಬರಲ್ಲ! ಹಂಗಾದ್ರೆ ಎಸ್ಟ್ರೊಜೆನ್ (ಎಸ್ಟ್ರಡಯಾಲ್ ಈ ಗುಂಪಿನದೇ) ಸುತ್ತ ಇದ್ರೂ ಹೆಣ್ಣುಮರಿ ಮೆದುಳು ಯಾಕೆ ಗಂಡಾಗಲ್ಲ ಅಂದ್ರೆ, ಮರಿ ರಕ್ತದಲ್ಲಿರೋ ಆಲ್ಫಾ ಫೀಟೋಪ್ರೋಟೀನ್ ಅನ್ನೋ ಪ್ರೋಟೀನ್ ಅದನ್ನ ಹಿಡ್ಕೊಂಡು ಮೆದುಳಿಗೆ ಹೋಗೋಕೆ ಬಿಡಲ್ಲ, ಟೆಸ್ಟೋಸ್ಟೆರಾನ್‌ನ ಹಂಗೆ ಹಿಡಿಯಲ್ಲ. ಇದೆಲ್ಲಾ ನಾನು ಓದಿದ್ದೇ, ಪರೀಕ್ಷೇಲಿ ಬರೆದಿದ್ದೇ. ಆದ್ರೂ ಇಂಜೆಕ್ಷನ್ ಆರಿಸೋವಾಗ ಗಂಡು ಹಾರ್ಮೋನ್ ಅನ್ನೋ ಹೆಸರನ್ನ ನಂಬ್ಕೊಂಡೆ. ಇಲಿದನ್ನ ಮನುಷ್ಯರಿಗೆ ಹಂಗೇ ಹಾಕೋಕೂ ಹೋಗ್ಬೇಡಿ, ನಮ್ಮಲ್ಲಿ ಆಂಡ್ರೊಜೆನ್ ರಿಸೆಪ್ಟರ್ ಪಾತ್ರಾನೇ ಹೆಚ್ಚು.

ಇನ್ನು ನಿಮ್ಮ ಪ್ರಶ್ನೇಲಿರೋ 'ಇದಾ ಅದಾ' ಅನ್ನೋದೇ ತಪ್ಪು. 2003ರಲ್ಲಿ ವರದಿಯಾದ ಒಂದು ಜೀಬ್ರಾ ಫಿಂಚ್ ಹಕ್ಕಿ, ಬಲಭಾಗ ಗಂಡು ಎಡಭಾಗ ಹೆಣ್ಣು, ಎರಡೂ ಕಡೆ ಜೀವಕೋಶದ ಕ್ರೋಮೋಸೋಮು ಬೇರೆ, ಆದ್ರೆ ಹರಿಯೋದು ಒಂದೇ ರಕ್ತ, ಅದೇ ಹಾರ್ಮೋನು, ಆದ್ರೂ ಮೆದುಳಿನ ಹಾಡಿನ ಸರ್ಕ್ಯೂಟ್ ಬಲಕ್ಕೆ ಹೆಚ್ಚು ಗಂಡಿನ ಥರ ಇತ್ತು. ಎಡಗಡೇನೂ ಪೂರ್ತಿ ಹೆಣ್ಣಿನ ಥರ ಇರ್ಲಿಲ್ಲ. ಅಂದ್ರೆ ಕ್ರೋಮೋಸೋಮು, ಹಾರ್ಮೋನು ಎರಡೂ ಕೆಲಸ ಮಾಡಿವೆ.

ಎಸ್‌ಆರ್‌ವೈ ಅನ್ನೋ ವೃಷಣ ಬೆಳೆಸೋ ಜೀನನ್ನ ವೈ ಕ್ರೋಮೋಸೋಮಿಂದ ತೆಗೆದು ಬೇರೆ ಕ್ರೋಮೋಸೋಮಿಗೆ ಸೇರಿಸಿರೋ ಮೌಸ್ ತಳಿ ಇದೆ, ಫೋರ್ ಕೋರ್ ಜೀನೋಟೈಪ್ಸ್ ಅಂತಾರೆ, ಅದ್ರಲ್ಲಿ ಎಕ್ಸ್‌ಎಕ್ಸ್‌ಗೂ ವೃಷಣ ಇರೋದು ಸಿಗತ್ತೆ, ಎಕ್ಸ್‌ವೈಗೂ ಅಂಡಾಶಯ ಇರೋದು ಸಿಗತ್ತೆ. ಹಂಗಾಗಿ ಕ್ರೋಮೋಸೋಮಿನ ಪರಿಣಾಮ, ಹಾರ್ಮೋನಿನ ಪರಿಣಾಮ ಎರಡನ್ನೂ ಬೇರೆಬೇರೆ ಅಳೀಬಹುದು. ಲ್ಯಾಬಿಗೆ ಸೇರೋ ಮುಂಚೆ ಆ ಮೌಸ್ ಸಿಗತ್ತಾ ಕೇಳಿ, ಇಲ್ಲ ಅಂದ್ರೆ ಬೇರೆ ಗೈಡ್ ನೋಡ್ಕೊಳ್ಳಿ.