ರಾತ್ರಿ ಕಾರು ನಿಲ್ಲಿಸುವ ಕಡೆ ಪ್ಲಗ್ ಇದೆಯಾ?

ದಿನಕ್ಕೆ 40 ಕಿ.ಮೀ. ಓಡಾಟ ಇದೆ, ಪೆಟ್ರೋಲ್, ಹೈಬ್ರಿಡ್, ಎಲೆಕ್ಟ್ರಿಕ್ ಮೂರರಲ್ಲಿ ಯಾವುದಕ್ಕೆ ಖರ್ಚು ಕಡಿಮೆ ಅಂತ ಕೇಳಿದ್ದೀರಿ. ನಾನು ತುಂಬಾ ವರ್ಷ ಪೆಟ್ರೋಲ್ ಕಾರು ಓಡಿಸಿ ಈಗ ಎಲೆಕ್ಟ್ರಿಕ್‌ಗೆ ಬಂದವನು. ತಮ್ಮನ ಹತ್ತಿರ ಹೈಬ್ರಿಡ್ ಇದೆ, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಸಣ್ಣ ಬ್ಯಾಟರಿ, ಮೋಟಾರೂ ಇರುವ ಕಾರು, ಪ್ಲಗ್‌ಗೆ ಹಾಕಬೇಕಿಲ್ಲ. ಹಾಗಾಗಿ ಈ ವಾದ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಮೊದಲು ನೀವು ಹೇಳಬೇಕಾದ್ದು, ರಾತ್ರಿ ಕಾರು ನಿಲ್ಲಿಸುವ ಕಡೆ ಪ್ಲಗ್ ಇದೆಯಾ ಅಂತ. ಯಾಕೆ ಅಂದರೆ, 100 ಕಿ.ಮೀ.ಗೆ ಮಧ್ಯಮ ಗಾತ್ರದ ಪೆಟ್ರೋಲ್ ಕಾರು ಸುಮಾರು 7 ಲೀಟರ್ ಕುಡಿಯುತ್ತದೆ, ಅದೇ ಗಾತ್ರದ ಹೈಬ್ರಿಡ್‌ಗೆ 4.5 ಲೀಟರ್ ಸಾಕು. ಎಲೆಕ್ಟ್ರಿಕ್‌ಗೆ 15 ಯೂನಿಟ್ ಬೇಕು, ಚಾರ್ಜ್ ಆಗುವಾಗ ಒಂದಿಷ್ಟು ಬಿಸಿಯಾಗಿ ಹೋಗುತ್ತದಲ್ವಾ, ಅದನ್ನೂ ಸೇರಿಸಿ ಮೀಟರಿನಲ್ಲಿ 17 ಅಂತ ಇಟ್ಟುಕೊಳ್ಳಿ. ಈಗ ನಿಮ್ಮ ಕಡೆಯ ದರ ಹಾಕಿ ನೋಡಿ. ಒಂದು ಯೂನಿಟ್‌ನ ಬೆಲೆ ಒಂದು ಲೀಟರ್ ಪೆಟ್ರೋಲ್ ಬೆಲೆಯ ಕಾಲು ಭಾಗಕ್ಕಿಂತ ಕಡಿಮೆ ಇದ್ದರೆ ಎಲೆಕ್ಟ್ರಿಕ್ ಗೆಲ್ಲುತ್ತದೆ. ಕಾಲು ಭಾಗ ದಾಟಿದರೆ ಹೈಬ್ರಿಡ್ ಮುಂದೆ. ಐದರಲ್ಲಿ ಎರಡು ಭಾಗ ದಾಟಿತು ಅಂದರೆ ಎಲೆಕ್ಟ್ರಿಕ್‌ಗಿಂತ ಮಾಮೂಲಿ ಪೆಟ್ರೋಲ್ ಕಾರೂ ಅಗ್ಗ. ಮನೆಯ ಕರೆಂಟು ಸಾಮಾನ್ಯವಾಗಿ ಕಾಲು ಭಾಗದ ಗೆರೆಯ ಕೆಳಗೇ ಇರುತ್ತದೆ. ದಾರಿಯಲ್ಲಿ ಸಿಗುವ ಫಾಸ್ಟ್ ಚಾರ್ಜರ್ ಹಾಗಲ್ಲ, ಅದರ ದರ ಮನೆ ದರದ ಎರಡು ಮೂರು ಪಟ್ಟು ಇದ್ದರೂ ಆಶ್ಚರ್ಯ ಇಲ್ಲ. ದಿನಾ ಅದನ್ನೇ ನಂಬಿಕೊಂಡರೆ ಉಳಿತಾಯವೆಲ್ಲ ಅಲ್ಲೇ ಕರಗುತ್ತದೆ.

ಹೈಬ್ರಿಡ್ ಬಗ್ಗೆ ಒಂದು ಮಾತು. ಅದರ ಜಾಣತನ ಇರುವುದು ಸಿಟಿಯೊಳಗೆ, ಬ್ರೇಕ್ ಹಾಕಿದಾಗ ಸುಮ್ನೆ ಹೋಗುತ್ತಿದ್ದ ಶಕ್ತಿಯನ್ನು ಬ್ಯಾಟರಿಗೆ ತುಂಬಿಕೊಂಡು ಸಿಗ್ನಲ್ ಬಿಟ್ಟಾಗ ಅದರಲ್ಲೇ ಹೊರಡುತ್ತದೆ. ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಿದ್ದರೆ ಬ್ರೇಕೇ ಇಲ್ಲ, ಉಳಿಸುವುದಕ್ಕೂ ಹೆಚ್ಚೇನಿಲ್ಲ. ಆಗ ಪೆಟ್ರೋಲ್ ಕಾರಿಗೂ ಅದಕ್ಕೂ ಅಂತರ ಕಡಿಮೆಯಾಗುತ್ತದೆ. ಎಲೆಕ್ಟ್ರಿಕ್ ಕೂಡ ಜೋರಾಗಿ ಓಡಿಸಿದರೆ ಯೂನಿಟ್ ಜಾಸ್ತಿ ತಿನ್ನುತ್ತದೆ, ಕೊರೆಯುವ ಚಳಿಯಲ್ಲಿ ಹೀಟರ್ ಹಾಕಿದರಂತೂ ಇನ್ನೂ ಜಾಸ್ತಿ.

ಸರ್ವಿಸ್ ವಿಷಯದಲ್ಲಿ ನನಗೆ ನಿಜಕ್ಕೂ ನೆಮ್ಮದಿ ಸಿಕ್ಕಿದೆ. ಆಯಿಲ್ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ, ಕ್ಲಚ್ ಇಲ್ಲ, ಬ್ರೇಕ್ ಪ್ಯಾಡ್ ಸವೆಯುವುದೂ ನಿಧಾನ. ಹೈಬ್ರಿಡ್‌ನಲ್ಲಿ ಎಂಜಿನ್ ಇದೆಯಲ್ಲ, ಆಯಿಲ್ ಬದಲಾಯಿಸುವುದು ತಪ್ಪುವುದಿಲ್ಲ. ಆದರೆ ಟೈರ್ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಬ್ಯಾಟರಿಯಿಂದಾಗಿ ಗಾಡಿ ಭಾರ, ಕಾಲಿಟ್ಟ ಕೂಡಲೇ ಪೂರ್ತಿ ಎಳೆತ, ಪೆಟ್ರೋಲ್ ಕಾರಿನ ಲೆಕ್ಕದಲ್ಲೇ ಇದ್ದ ನಾನು ಅಂದುಕೊಂಡಿದ್ದಕ್ಕಿಂತ ಬೇಗ ನಾಲ್ಕೂ ಬದಲಾಯಿಸಬೇಕಾಯಿತು. ತಪ್ಪು ನನ್ನ ಬಲಗಾಲಿನದ್ದೂ ಇದೆ, ಬಿಡಿ.

ಬ್ಯಾಟರಿ ಹೋದರೆ ಗತಿ ಏನು ಅಂತ ಎಲ್ಲರೂ ಹೆದರಿಸುತ್ತಾರೆ. ಹೆಚ್ಚಿನ ಕಂಪನಿಗಳು ಅದಕ್ಕೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತವೆ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವುದಾದರೆ ಎಷ್ಟು ಬಾಕಿ ಇದೆ ಅಂತ ನೋಡಿಕೊಳ್ಳಿ.

ನಿಮ್ಮ 40 ಕಿ.ಮೀ.ಗೆ ಬೇಕಾಗುವುದು ಸುಮಾರು 7 ಯೂನಿಟ್, ಮನೆಯ ಮಾಮೂಲಿ ಪ್ಲಗ್‌ನಲ್ಲೇ ಮೂರು ನಾಲ್ಕು ಗಂಟೆಯಲ್ಲಿ ತುಂಬುತ್ತದೆ. ಪ್ಲಗ್ ಇದ್ದರೆ ಎಲೆಕ್ಟ್ರಿಕ್ ತೆಗೆದುಕೊಳ್ಳಿ. ಇಲ್ಲ ಅಂದರೆ ಹೈಬ್ರಿಡ್, ತಮ್ಮ ಮಾಡಿದ್ದೂ ಅದನ್ನೇ. ದಿನಕ್ಕೆ 40 ಅಲ್ಲ, ವಾರಕ್ಕೆ 40 ಆಗಿದ್ದರೆ ಈ ಲೆಕ್ಕವೇ ಬೇಡ, ಕೊಳ್ಳುವಾಗ ಯಾವುದು ಕಡಿಮೆಗೆ ಸಿಗುತ್ತದೋ ಅದೇ ಸಾಕು ಅನ್ನುತ್ತಿದ್ದೆ.